ಮುಂದಿನ ಆಂಡರ್ಸನ್ ಎಲ್ಲಿಂದ ಬರಬೇಕು?

2025ರ ಆಗಸ್ಟ್ 4, ಲಂಡನ್ನಿನ ಓವಲ್ ಮೈದಾನ. ಭಾರತ-ಇಂಗ್ಲೆಂಡ್ ಸರಣಿಯ ಕೊನೆಯ ಟೆಸ್ಟಿನ ಕೊನೆಯ ದಿನ. ಇಂಗ್ಲೆಂಡಿಗೆ ಇನ್ನು 17 ರನ್ ಬೇಕು ಅನ್ನುವಾಗ ಒಂಬತ್ತನೇ ವಿಕೆಟ್ ಬಿತ್ತು. ಅವರ ವೇಗದ ಬೌಲರ್ ಕ್ರಿಸ್ ವೋಕ್ಸ್ ಮೆಟ್ಟಿಲಿಳಿದು ಬಂದ. ಎಡಗೈ ಸ್ವೆಟರಿನ ಒಳಗಿತ್ತು, ಭುಜಕ್ಕೆ ಪಟ್ಟಿ ಕಟ್ಟಿತ್ತು. ಬ್ಯಾಟು ಬಲಗೈಯಲ್ಲಿ. ಮೊದಲ ದಿನ ನಮ್ಮ ಕರುಣ್ ನಾಯರ್ ಹೊಡೆದ ಚೆಂಡನ್ನು ಬೌಂಡರಿ ಹತ್ತಿರ ತಡೆಯಲು ಹೋಗಿ ಅವನ ಭುಜದ ಕೀಲು ತಪ್ಪಿತ್ತು. ಅವನು ನೋವಿನಲ್ಲಿ ಬಿದ್ದಿದ್ದನ್ನು ನೋಡಿ ಕರುಣ್ ನಾಲ್ಕನೇ ರನ್ನಿಗೆ ಓಡದೆ ನಿಂತುಬಿಟ್ಟಿದ್ದ. ಐದನೇ ದಿನ ವೋಕ್ಸ್ ಒಂದೇ ಒಂದು ಎಸೆತವನ್ನೂ ಎದುರಿಸಲಿಲ್ಲ. ಗಸ್ ಅಟ್ಕಿನ್ಸನ್‌ಗೆ ಸ್ಟ್ರೈಕ್ ಸಿಗಲಿ ಅಂತ ಓಡಿದ, ಅಷ್ಟೆ. ಓಡುವಾಗ ನೋವಿಗೆ ಮುಖ ಕಿವುಚಿಕೊಳ್ಳುತ್ತಿತ್ತು.

ಸಿರಾಜ್ ಹಾಕಿದ ಯಾರ್ಕರ್‌ಗೆ ಅಟ್ಕಿನ್ಸನ್ ಬೌಲ್ಡ್. ಭಾರತ 6 ರನ್ನಿನಿಂದ ಗೆದ್ದಿತು, ಸರಣಿ 2-2. ಪ್ರಸಿದ್ಧ ಕೃಷ್ಣ ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದಿದ್ದ. ಮನೆಯಲ್ಲಿ ಎಲ್ಲರೂ ಎದ್ದು ಕೂಗಾಡಿದೆವು. ಗಲಾಟೆ ಇಳಿದ ಮೇಲೆ ಮಾತ್ರ ನನ್ನ ತಲೆಯಲ್ಲಿ ವೋಕ್ಸ್ ಒಬ್ಬನೇ ಉಳಿದ. ಮುಂದಿನ ತಿಂಗಳೇ ಅವನು ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟ. ಇಂಗ್ಲೆಂಡಿನ ವೇಗದ ಬೌಲರ್‌ಗಳು ಒಬ್ಬೊಬ್ಬರಾಗಿ ಹೋದರು: 2023ರಲ್ಲಿ ಬ್ರಾಡ್, 2024ರಲ್ಲಿ ಆಂಡರ್ಸನ್, 2025ರಲ್ಲಿ ವೋಕ್ಸ್. ಮೂರು ವರ್ಷದಲ್ಲಿ ಒಂದು ತಲೆಮಾರೇ ಮುಗಿದುಹೋಯಿತು.

ಇಂಗ್ಲೆಂಡ್ ಕ್ರಿಕೆಟ್ ನನಗೆ ಚಿಕ್ಕಂದಿನಿಂದ ಇಷ್ಟ. ನಮ್ಮಲ್ಲಿ ಅದು ಮಧ್ಯಾಹ್ನ ಮೂರೂವರೆಗೆ ಶುರುವಾಗುವ ಕ್ರಿಕೆಟ್. ಶಾಲೆಯಿಂದ ಬಂದು ಬ್ಯಾಗು ಎಸೆದು ಟಿವಿ ಮುಂದೆ ಕೂತರೆ ಅಲ್ಲಿ ಊಟಕ್ಕೂ ಮುಂಚಿನ ಆಟ ನಡೆಯುತ್ತಿರುತ್ತಿತ್ತು. ಮೋಡ ಕವಿದ ಆಕಾಶ, ಸ್ವೆಟರ್ ಹಾಕಿದ ಆಟಗಾರರು, ಬಿಸಿಲು ಬಂದ ಕೂಡಲೇ ಚಪ್ಪಾಳೆ ತಟ್ಟುವ ಜನ. ಆ ಆಟಕ್ಕೆ ನಮ್ಮೂರಿನ ನಂಟೂ ಇತ್ತು. ಕೌಂಟಿ ಅಂದರೆ ನಮ್ಮ ರಣಜಿ ಥರ ಅಲ್ಲಿನ ಜಿಲ್ಲಾ ತಂಡಗಳ ಆಟ. 1995ರ ಒಂದೇ ಕೌಂಟಿ ಋತುವಿನಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಪರ 105 ವಿಕೆಟ್ ತೆಗೆದಿದ್ದ. ಅದೇ ವರ್ಷ ಶ್ರೀನಾಥ್ ಗ್ಲಾಸ್ಟರ್‌ಶೈರ್‌ನಲ್ಲಿದ್ದ. 2000ರಲ್ಲಿ ದ್ರಾವಿಡ್ ಕೆಂಟ್‌ಗೆ ಆಡಿದ. ಹಾಗಾಗಿ ಪೇಪರಿನ ಕೊನೆ ಪುಟದಲ್ಲಿ ಸಣ್ಣಕ್ಷರದಲ್ಲಿ ಬರುತ್ತಿದ್ದ ಕೌಂಟಿ ಸ್ಕೋರುಗಳನ್ನೂ ನಾವು ಬಿಡುತ್ತಿರಲಿಲ್ಲ.

2001ರ ಡಿಸೆಂಬರ್‌ನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ನಡೆದ ಟೆಸ್ಟು ಇವತ್ತಿಗೂ ನೆನಪಿದೆ. ಚೆನ್ನೈನಲ್ಲಿ ಹುಟ್ಟಿದ ನಾಸಿರ್ ಹುಸೇನ್ ಇಂಗ್ಲೆಂಡಿನ ಕ್ಯಾಪ್ಟನ್. ಸ್ಪಿನ್ನರ್ ಆಶ್ಲೀ ಜೈಲ್ಸ್ ಕೈಲಿ ಸಚಿನ್‌ಗೆ ಲೆಗ್ ಸ್ಟಂಪಿನ ಆಚೆ ಆಚೆಗೇ ಚೆಂಡು ಹಾಕಿಸಿದ. ಗಂಟೆಗಟ್ಟಲೆ ಅದೇ ಕಥೆ. ನಮಗೆಲ್ಲ ಕೋಪ ನೆತ್ತಿಗೇರಿತ್ತು. ಕೊನೆಗೆ 90 ರನ್ ಆಗಿದ್ದಾಗ ಸಚಿನ್ ತಾಳ್ಮೆ ಕಳೆದುಕೊಂಡು ಮುಂದೆ ಬಂದ, ಸ್ಟಂಪ್ ಔಟ್. ಟೆಸ್ಟಿನಲ್ಲಿ ಅವನು ಹಾಗೆ ಔಟಾಗಿದ್ದು ಅದೇ ಮೊದಲು. ಅವತ್ತು ಬೈದುಕೊಂಡೆ. ಆಮೇಲೆ ಯೋಚಿಸಿದರೆ, ತನ್ನ ಹತ್ತಿರ ಇರುವುದು ಎಷ್ಟು, ಇಲ್ಲದಿರುವುದು ಎಷ್ಟು ಅಂತ ಸರಿಯಾಗಿ ಲೆಕ್ಕ ಹಾಕಿದ ಕ್ಯಾಪ್ಟನ್ ಅವನು ಅನ್ನಿಸಿತು.

ಇಷ್ಟೆಲ್ಲ ಹೇಳುವುದಕ್ಕೆ ಒಂದು ಕಾರಣ ಇದೆ. ಇಂಗ್ಲೆಂಡಿನಲ್ಲಿ ಈಗ ಒಂದು ದೊಡ್ಡ ಚರ್ಚೆ ನಡೆಯುತ್ತಿದೆ. ಕೌಂಟಿ ಪಂದ್ಯ ಎಷ್ಟಿರಬೇಕು, ಇನಿಂಗ್ಸ್‌ಗೆ ನೂರೇ ಎಸೆತದ ಹಂಡ್ರೆಡ್ ಟೂರ್ನಿಯ ದುಡ್ಡು ಯಾರಿಗೆ ಹೋಗಬೇಕು, ಬ್ಯಾಟಿಂಗ್ ಶೈಲಿ ಹೇಗಿರಬೇಕು ಅಂತ ದಿನಾ ಮಾತು. ನನ್ನ ತಲೆಯಲ್ಲಿ ಇರುವುದು ಅದಕ್ಕಿಂತ ಸರಳವಾದ ಪ್ರಶ್ನೆ: ನಾವು ಇಷ್ಟಪಟ್ಟ ಆ ಆಟಗಾರರು ಎಲ್ಲಿಂದ ಬಂದಿದ್ದರು? ಆ ಜಾಗ ಈಗಲೂ ಇದೆಯಾ?

ಗಣಿ ಬಾಯಿಗೆ ಹೋಗಿ ಒಂದು ಕೂಗು ಹಾಕಿದರೆ ಒಬ್ಬ ಫಾಸ್ಟ್ ಬೌಲರ್ ಮೇಲೆ ಬರುತ್ತಾನೆ ಅಂತ ಇಂಗ್ಲೆಂಡಿನಲ್ಲಿ ಹಳೇ ಮಾತೊಂದಿದೆ. ಅದರಲ್ಲಿ ನಿಜ ಇತ್ತು. ಬ್ಯಾಟ್ಸ್‌ಮನ್‌ಗಳ ಮೈಗೇ ಗುರಿಯಿಟ್ಟು ಚೆಂಡು ಹಾಕಿದ ಬಾಡಿಲೈನ್ ಸರಣಿಯ ಹೆರಾಲ್ಡ್ ಲಾರ್‌ವುಡ್ ನಾಟಿಂಗ್‌ಹ್ಯಾಮ್‌ಶೈರ್‌ನ ಗಣಿ ಹಳ್ಳಿಯ ಹುಡುಗ. ಹದಿನಾಲ್ಕನೇ ವಯಸ್ಸಿಗೆ ಗಣಿಯಲ್ಲಿ ಪುಟ್ಟ ಜಾತಿಯ ಕುದುರೆಗಳ ಜೊತೆ ಕೆಲಸಕ್ಕೆ ಸೇರಿದ್ದ. ಟೆಸ್ಟಿನಲ್ಲಿ ಮೊದಲು 300 ವಿಕೆಟ್ ಮುಟ್ಟಿದ ಫ್ರೆಡ್ ಟ್ರೂಮನ್ ಯಾರ್ಕ್‌ಶೈರ್‌ನ ಗಣಿ ಕೆಲಸಗಾರನ ಮಗ. ನಮ್ಮ ಕಾಲಕ್ಕೆ ಬಂದರೆ ಸ್ಟೀವ್ ಹಾರ್ಮಿಸನ್, ಮಾರ್ಕ್ ವುಡ್ ಇಬ್ಬರೂ ನಾರ್ಥಂಬರ್‌ಲ್ಯಾಂಡಿನ ಆಶಿಂಗ್ಟನ್ ಅನ್ನುವ ಒಂದೇ ಪುಟ್ಟ ಊರಿನವರು, ಅದೂ ಕಲ್ಲಿದ್ದಲಿನ ಊರೇ. ಗಣಿ ಇದ್ದ ಕಡೆ ಕೆಲಸಗಾರರದೇ ಕ್ಲಬ್ ಇರುತ್ತಿತ್ತು, ಪಕ್ಕದಲ್ಲಿ ಒಂದು ಮೈದಾನ ಇರುತ್ತಿತ್ತು, ಅದನ್ನು ನೋಡಿಕೊಳ್ಳುವ ಜನ ಇರುತ್ತಿದ್ದರು, ಶನಿವಾರ ಅಪ್ಪ ಆಡಿದರೆ ಮಗ ಬೌಂಡರಿ ಹೊರಗೆ ಚೆಂಡು ಹಿಡಿಯುತ್ತಾ ಬೆಳೆಯುತ್ತಿದ್ದ. ಎಂಬತ್ತರ ದಶಕದಲ್ಲಿ ಗಣಿಗಳು ಒಂದೊಂದಾಗಿ ಮುಚ್ಚಿದವು. ಎಷ್ಟೋ ಸರ್ಕಾರಿ ಶಾಲೆಗಳ ಆಟದ ಮೈದಾನಗಳೂ ಮಾರಾಟವಾದವು. ಕೆಲವು ಕ್ಲಬ್ಬುಗಳು ಹೇಗೋ ಉಳಿದುಕೊಂಡವು.

ಜೇಮ್ಸ್ ಆಂಡರ್ಸನ್ ಅಂಥ ಒಂದು ಕ್ಲಬ್ಬಿನವನು. ಊರು ಬರ್ನ್‌ಲಿ, ಲಂಕಾಶೈರ್‌ನ ಹಳೇ ಬಟ್ಟೆ ಗಿರಣಿಗಳ ಊರು. ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಆಡಿದ್ದು ಬರ್ನ್‌ಲಿ ಕ್ರಿಕೆಟ್ ಕ್ಲಬ್ಬಿಗೆ. ಆ ಕ್ಲಬ್ ಆಡುವ ಲಂಕಾಶೈರ್ ಲೀಗ್ 1892ರಿಂದ ನಡೆಯುತ್ತಿದೆ. ನೆಲ್ಸನ್ ಅನ್ನುವ ಪಕ್ಕದೂರಿನ ಕ್ಲಬ್ಬಿಗೆ ಒಂದು ಕಾಲಕ್ಕೆ ವೆಸ್ಟ್ ಇಂಡೀಸಿನ ಲಿಯರಿ ಕಾನ್‌ಸ್ಟಂಟೈನ್ ಆಡಿದ್ದ, 1981ರಲ್ಲಿ ನಮ್ಮ ಕಪಿಲ್ ದೇವ್ ಕೂಡ ಆಡಿದ್ದ. ಊರಿನ ಹುಡುಗರು ದುಡ್ಡು ಕೊಟ್ಟು ಅಕಾಡೆಮಿಗೆ ಹೋಗದೆಯೇ ಇಂಥವರ ಆಟ ಕಣ್ಣೆದುರೇ ನೋಡುತ್ತಿದ್ದರು.

ಆಂಡರ್ಸನ್ ಹುಡುಗನಾಗಿದ್ದಾಗ ಅಂಥಾ ವಿಶೇಷ ಬೌಲರ್ ಆಗಿರಲಿಲ್ಲ. ಹದಿನೇಳರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಅವನ ಕೈಗೆ ವೇಗ ಬಂತು. ಈ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು. 2003ರಲ್ಲಿ ಲಾರ್ಡ್ಸ್‌ನಲ್ಲಿ ಜಿಂಬಾಬ್ವೆ ಎದುರು ಮೊದಲ ಟೆಸ್ಟು, ಮೊದಲ ಇನಿಂಗ್ಸ್‌ನಲ್ಲೇ ಐದು ವಿಕೆಟ್. 2024ರ ಜುಲೈಯಲ್ಲಿ ಅದೇ ಲಾರ್ಡ್ಸ್‌ನಲ್ಲಿ ಕೊನೆಯ ಟೆಸ್ಟು. ಒಟ್ಟು 188 ಟೆಸ್ಟು, 704 ವಿಕೆಟ್. ಟೆಸ್ಟಿನಲ್ಲಿ ಸಚಿನ್‌ನನ್ನು ಅತಿ ಹೆಚ್ಚು ಸಲ ಔಟ್ ಮಾಡಿದವನೂ ಅವನೇ, 9 ಸಲ.

ಅವನ ಬೌಲಿಂಗ್ ನೋಡುವಾಗ ನಾನು ಮಣಿಕಟ್ಟು ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. ಚೆಂಡಿನ ಹೊಲಿಗೆಯ ಆಚೆ ಈಚೆ ಎರಡು ಬೆರಳು, ಕೆಳಗೆ ಹೆಬ್ಬೆರಳು. ಕೈ ಬಿಡುವ ಕೊನೇ ಕ್ಷಣದಲ್ಲಿ ಮಣಿಕಟ್ಟು ಒಂದಿಷ್ಟೇ ಒಳಗೆ ಅಥವಾ ಹೊರಗೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಮೂರು ಚೆಂಡು ಹೊರಕ್ಕೆ ತಿರುಗಿಸಿ, ಬ್ಯಾಟ್ಸ್‌ಮನ್ ಬಿಡುವುದು ಅಭ್ಯಾಸವಾದ ಮೇಲೆ ನಾಲ್ಕನೆಯದನ್ನು ಒಳಕ್ಕೆ ತರುತ್ತಿದ್ದ. ಓಟ ಅದೇ, ಕೈ ಅದೇ, ಮುಖ ಅದೇ. ನಲವತ್ತು ದಾಟಿದ ಮೇಲೂ ಇದನ್ನೇ ಮಾಡಿದ ವೇಗದ ಬೌಲರ್ ಇನ್ನೊಬ್ಬನನ್ನು ತೋರಿಸಿ ನೋಡೋಣ. ಇಂಗ್ಲೆಂಡಿನ ಹಸಿ ಗಾಳಿಯಲ್ಲಿ, ಡ್ಯೂಕ್ಸ್ ಚೆಂಡಿನಲ್ಲಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೌಂಟಿ ಮೈದಾನಗಳಲ್ಲಿ ಸಾವಿರಾರು ಓವರ್ ಹಾಕಿ ಕಲಿಯಬೇಕಾದ ವಿದ್ಯೆ ಅದು. ಅವಸರದಲ್ಲಿ ಬರುವುದಿಲ್ಲ.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. 2023ರ ಜೂನ್‌ನಲ್ಲಿ ಇಂಗ್ಲೆಂಡ್ ಕ್ರಿಕೆಟ್ ಬಗ್ಗೆ ಸ್ವತಂತ್ರ ಆಯೋಗವೊಂದರ ವರದಿ ಬಂತು. ಸಿಂಡಿ ಬಟ್ಸ್ ಅದರ ಅಧ್ಯಕ್ಷೆ. 4,000ಕ್ಕೂ ಹೆಚ್ಚು ಜನ ತಮ್ಮ ಅನುಭವ ಹೇಳಿಕೊಂಡಿದ್ದರು. ಜನಾಂಗ, ಹೆಣ್ಣು ಗಂಡು, ಬಡವ ಶ್ರೀಮಂತ, ಮೂರೂ ಕಡೆ ಭೇದ ಬೇರೂರಿದೆ ಅಂತ ಆಯೋಗ ಮುಚ್ಚುಮರೆ ಇಲ್ಲದೆ ಬರೆಯಿತು, 44 ಶಿಫಾರಸು ಕೊಟ್ಟಿತು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಕ್ಷಮೆ ಕೇಳಿತು. ಆ ವರದಿಯ ಒಂದು ಅಂಕಿ ನನ್ನ ಮನಸ್ಸಿನಿಂದ ಹೋಗಿಲ್ಲ. 2021ರಲ್ಲಿ ಇಂಗ್ಲೆಂಡ್ ಪುರುಷರ ತಂಡಕ್ಕೆ ಆಡಿದವರಲ್ಲಿ 58% ಜನ ಖಾಸಗಿ ಶಾಲೆಯಲ್ಲಿ ಓದಿದವರು. ದೇಶದ ಒಟ್ಟು ಜನರಲ್ಲಿ ಖಾಸಗಿ ಶಾಲೆಯಲ್ಲಿ ಓದಿದವರು ಬರೀ 7%. ನಮ್ಮಲ್ಲಿ ಖಾಸಗಿ ಶಾಲೆ ಬೀದಿಗೊಂದಿದೆ, ಅಲ್ಲಿ ಹಾಗಲ್ಲ. ಅಲ್ಲಿ ಅದು ಭಾರೀ ಫೀಸಿನ, ಹತ್ತಾರು ಎಕರೆ ಮೈದಾನವಿರುವ, ಮಾಜಿ ಕೌಂಟಿ ಆಟಗಾರರನ್ನೇ ಕೋಚ್ ಆಗಿ ಇಟ್ಟುಕೊಂಡಿರುವ ಶಾಲೆ.

ಅದರೊಳಗೆ ಇನ್ನೊಂದು ಸಂಗತಿಯೂ ಇದೆ. ಈ 58% ಜನರೆಲ್ಲ ಶ್ರೀಮಂತರ ಮಕ್ಕಳಲ್ಲ. ಜೋ ರೂಟ್ ಶೆಫೀಲ್ಡಿನ ಸಾಮಾನ್ಯ ಸರ್ಕಾರಿ ಶಾಲೆಯ ಹುಡುಗ. ಕ್ರಿಕೆಟ್ ಚೆನ್ನಾಗಿ ಆಡುತ್ತಾನೆ ಅಂತ ಸ್ಕಾಲರ್‌ಶಿಪ್ ಸಿಕ್ಕಿ ಕೊನೆಯ ವರ್ಷಗಳಿಗೆ ವರ್ಕ್‌ಸಾಪ್ ಕಾಲೇಜಿಗೆ ಹೋದ. ಹ್ಯಾರಿ ಬ್ರೂಕ್ ಯಾರ್ಕ್‌ಶೈರ್‌ನ ಹಳ್ಳಿಯವನು, ಅವನೂ ಹಾಗೇ ಸೆಡ್‌ಬರ್ ಶಾಲೆ ಸೇರಿದ. 2024ರ ಅಕ್ಟೋಬರ್‌ನಲ್ಲಿ ಮುಲ್ತಾನ್‌ನಲ್ಲಿ ಇವರಿಬ್ಬರೇ ಸೇರಿ ಪಾಕಿಸ್ತಾನದ ಬೌಲರ್‌ಗಳನ್ನು ಚೆಚ್ಚಿದ್ದು, ರೂಟ್ 262, ಬ್ರೂಕ್ 317. ಇಬ್ಬರೂ ಪ್ರತಿಭೆಯಿಂದಲೇ ಮೇಲೆ ಬಂದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಸ್ಕಾಲರ್‌ಶಿಪ್ ಸಿಗಬೇಕಾದರೆ ಹುಡುಗ ಹದಿಮೂರು, ಹದಿನಾಲ್ಕು, ಹದಿನೈದರೊಳಗೆ ಯಾರದಾದರೂ ಕಣ್ಣಿಗೆ ಬಿದ್ದಿರಬೇಕು. ಅದಕ್ಕಿಂತ ಮುಂಚೆ ಕೌಂಟಿಯ ಚಿಕ್ಕ ವಯಸ್ಸಿನ ತಂಡಗಳಲ್ಲಿ ಆಡಿರಬೇಕು. ಆ ತಂಡಕ್ಕೆ ಆಡುವುದಕ್ಕೆ ಚಳಿಗಾಲದ ಕೋಚಿಂಗ್ ಖರ್ಚು, ಕಿಟ್ಟು, ಟ್ರ್ಯಾಕ್‌ಸೂಟು, ಶನಿವಾರ ಭಾನುವಾರ ಕಾರಿನಲ್ಲಿ ದೂರ ದೂರದ ಮೈದಾನಕ್ಕೆ ಕರೆದುಕೊಂಡು ಹೋಗುವ ಅಪ್ಪನೋ ಅಮ್ಮನೋ, ಎಲ್ಲ ಬೇಕು. ವಾರಾಂತ್ಯ ಕೆಲಸಕ್ಕೆ ಹೋಗುವ ಮನೆಯ ಮಗು ಹನ್ನೆರಡಕ್ಕೇ ಹೊರಗೆ ಉಳಿಯುತ್ತದೆ.

ಆಂಡರ್ಸನ್‌ಗೆ ವೇಗ ಬಂದದ್ದು ಹದಿನೇಳರಲ್ಲಿ, ನೆನಪಿದೆಯಲ್ಲ? ಅಲ್ಲಿಯವರೆಗೆ ಅವನನ್ನು ಕಾದದ್ದು ಊರಿನ ಕ್ಲಬ್ಬು. ಏನೂ ಆಗದಿದ್ದರೂ ವಾರವಾರ ಕರೆದು ಚೆಂಡು ಕೊಡುವ ಒಂದು ಜಾಗ ಇತ್ತು. ಇಂಗ್ಲೆಂಡ್ ಕಳೆದುಕೊಳ್ಳುತ್ತಿರುವುದು ಈ ಕಾಯುವ ಜಾಗವನ್ನು ಅಂತ ನನ್ನ ಅನಿಸಿಕೆ. ಖಾಸಗಿ ಶಾಲೆಗೆ ಕಾಯಲು ಪುರುಸೊತ್ತಿದೆ, ಹಣ ಇದೆ. ಉಳಿದವರಿಗೆ ಯಾರಿದ್ದಾರೆ?

ಟಿವಿ ವಿಷಯ ಹೇಳದೆ ಇದು ಪೂರ್ತಿಯಾಗುವುದಿಲ್ಲ. ಆಸ್ಟ್ರೇಲಿಯಾ ಎದುರಿನ 2005ರ ಆ್ಯಶಸ್ ನೆನಪಿಸಿಕೊಳ್ಳಿ. ಎಜ್‌ಬಾಸ್ಟನ್‌ನಲ್ಲಿ 2 ರನ್ನಿನ ಗೆಲುವು. ಮೊಣಕಾಲೂರಿ ಕುಸಿದ ಬ್ರೆಟ್ ಲೀ ಪಕ್ಕ ಕೂತು ಫ್ಲಿಂಟಾಫ್ ಕೈ ಹಿಡಿದು ಭುಜ ತಟ್ಟಿದ ಆ ಫೋಟೋ. ಆ ಸರಣಿ ಚಾನೆಲ್ 4ರಲ್ಲಿ ಬಿಟ್ಟಿಯಾಗಿ ಬರುತ್ತಿತ್ತು. ಟ್ರೆಂಟ್ ಬ್ರಿಜ್ ಟೆಸ್ಟಿನ ಒಂದು ಹೊತ್ತಿನಲ್ಲಿ 84 ಲಕ್ಷ ಜನ ನೋಡುತ್ತಿದ್ದರು. ಮುಂದಿನ ವರ್ಷದಿಂದ ನೇರ ಪ್ರಸಾರ ಪೂರ್ತಿ ಸ್ಕೈಗೆ ಹೋಯಿತು, ಅಂದರೆ ತಿಂಗಳಿಗೆ ದುಡ್ಡು ಕಟ್ಟುವವರಿಗೆ ಮಾತ್ರ. 2009ರಲ್ಲಿ ಮತ್ತೆ ಆ್ಯಶಸ್ ಗೆದ್ದಾಗ ನೋಡುಗರ ಸಂಖ್ಯೆ 20 ಲಕ್ಷವನ್ನೂ ಮುಟ್ಟಲಿಲ್ಲ. 2019ರ ವಿಶ್ವಕಪ್ ಫೈನಲ್ ಒಂದನ್ನು ಸ್ಕೈ ಚಾನೆಲ್ 4ರಲ್ಲೂ ಬಿಟ್ಟಿತು, ಆವತ್ತು ಮತ್ತೆ 80 ಲಕ್ಷ ದಾಟಿತು. ಜನರ ಆಸೆ ಎಲ್ಲೂ ಹೋಗಿರಲಿಲ್ಲ, ಬಾಗಿಲು ಮುಚ್ಚಿತ್ತು.

ಸ್ಕೈ ದುಡ್ಡು ವ್ಯರ್ಥವಾಯಿತು ಅಂತ ನಾನು ಹೇಳುವುದಿಲ್ಲ, ಅದು ಅನ್ಯಾಯದ ಮಾತಾಗುತ್ತದೆ. ಆ ದುಡ್ಡಿನಿಂದ ಆಟಗಾರರಿಗೆ ಒಳ್ಳೆ ಸಂಬಳ ಬಂತು, ತಂಡ 2011ರಲ್ಲಿ ಟೆಸ್ಟಿನಲ್ಲಿ ಮೊದಲ ಸ್ಥಾನಕ್ಕೇರಿತು, ಹೆಣ್ಣುಮಕ್ಕಳಿಗೆ ವೃತ್ತಿಪರ ಒಪ್ಪಂದ ಸಿಕ್ಕಿತು. ಆದರೆ 2005ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗ ಫ್ಲಿಂಟಾಫ್‌ನನ್ನು ನೋಡಿ ಬ್ಯಾಟು ಹಿಡಿದ. ಅವನ ತಮ್ಮನಿಗೆ ಎಂಟಾಗುವಷ್ಟರಲ್ಲಿ ಮನೆಯ ಟಿವಿಯಲ್ಲಿ ಬರುತ್ತಿದ್ದದ್ದು ಫುಟ್‌ಬಾಲ್ ಮಾತ್ರ. ಪ್ರೆಸ್ಟನ್‌ನ ಸರ್ಕಾರಿ ಶಾಲೆಯಲ್ಲಿ ಓದಿದ ಫ್ಲಿಂಟಾಫ್ ಮುಂದೆ ಅದೇ ಊರಿಗೆ ಹೋಗಿ, ಕ್ರಿಕೆಟ್ ಆಡದ ಹುಡುಗರನ್ನು ಸೇರಿಸಿ ತಂಡ ಕಟ್ಟಿದ್ದನ್ನು ಬಿಬಿಸಿ ತೋರಿಸಿತು. ಅವನ ಊರಿನಲ್ಲೇ, ಬ್ಯಾಟು ಹಿಡಿಯುವುದು ಹೇಗೆ ಅಂತ ಗೊತ್ತಿಲ್ಲದ ಹುಡುಗರು. ನೋಡಿ ಸಂಕಟವಾಯಿತು.

ಇಷ್ಟರ ಮಧ್ಯೆ ಬ್ಯಾಟು ಬಿಡದೆ ಆಡುತ್ತಿರುವ ಒಂದು ಗುಂಪಿದೆ. ಭಾರತ, ಪಾಕಿಸ್ತಾನ, ಬಾಂಗ್ಲಾ, ಲಂಕಾ ಮೂಲದವರು. ಊರೂರಿನ ಪಾರ್ಕುಗಳಲ್ಲಿ, ವಾರಾಂತ್ಯದ ಲೀಗುಗಳಲ್ಲಿ ಆಡುವವರಲ್ಲಿ ಸುಮಾರು ಮೂರನೇ ಒಂದು ಪಾಲು ಅವರೇ ಅಂತ ಮಂಡಳಿಯೇ 2018ರಲ್ಲಿ ಹೇಳಿತ್ತು. ಕೌಂಟಿ ಆಟಗಾರರ ಪಟ್ಟಿಯಲ್ಲಿ ಮಾತ್ರ ಅವರು ಬೆರಳೆಣಿಕೆ. ಬರ್ಮಿಂಗ್‌ಹ್ಯಾಮ್‌ನ ಮೊಯೀನ್ ಅಲಿ, ಬ್ರಾಡ್‌ಫರ್ಡ್‌ನ ಆದಿಲ್ ರಶೀದ್ ಮೇಲೆ ಬಂದರು, ವಿಶ್ವಕಪ್ ಗೆದ್ದರು. ಅವರ ಜೊತೆ ಪಾರ್ಕಿನಲ್ಲಿ ಆಡಿದ ಎಷ್ಟೋ ಜನ ಎಲ್ಲಿ ಹೋದರು? 2021ರ ನವೆಂಬರ್‌ನಲ್ಲಿ ಮಾಜಿ ಆಟಗಾರ ಅಜೀಂ ರಫೀಕ್ ಸಂಸತ್ತಿನ ಸಮಿತಿ ಮುಂದೆ ಕೂತು ಯಾರ್ಕ್‌ಶೈರ್‌ ತಂಡದಲ್ಲಿ ತಾನು ಅನುಭವಿಸಿದ ಜನಾಂಗ ಭೇದವನ್ನು ಅಳುತ್ತಾ ಹೇಳಿದಾಗ ಉತ್ತರದ ಒಂದು ಭಾಗ ಸಿಕ್ಕಿತು. ಆಮೇಲೆ ಮಾಜಿ ಬೌಲರ್ ಕಬೀರ್ ಅಲಿ, ಸಂಶೋಧಕ ಟಾಮ್ ಬ್ರೌನ್ ಸೇರಿ ಸೌತ್ ಏಷ್ಯನ್ ಕ್ರಿಕೆಟ್ ಅಕಾಡೆಮಿ ಶುರು ಮಾಡಿದರು. ಕೌಂಟಿಗಳು ಕೈಬಿಟ್ಟ, ಇಪ್ಪತ್ತರ ಆಸುಪಾಸಿನ ಹುಡುಗರನ್ನು ಕರೆದು ಅಲ್ಲಿ ತರಬೇತಿ ಕೊಡುತ್ತಾರೆ. ಅವರಲ್ಲಿ ಹಲವರು ಕೌಂಟಿ ಒಪ್ಪಂದ ಪಡೆದಿದ್ದಾರೆ. ಅದೂ ಕಾಯುವ ಜಾಗವೇ ಅಲ್ವಾ? ಲಂಕಾಶೈರ್ ಲೀಗ್ ಆಂಡರ್ಸನ್‌ಗೆ ಮಾಡಿದ್ದನ್ನೇ ಇವರು ಬೇರೆ ರೀತಿಯಲ್ಲಿ ಮಾಡುತ್ತಿದ್ದಾರೆ. ಸರ್ಕಾರಿ ಶಾಲೆಗಳಿಗೆ ಕ್ರಿಕೆಟ್ ಒಯ್ಯುವ ಚಾನ್ಸ್ ಟು ಶೈನ್ ಸಂಸ್ಥೆ 2005ರಿಂದ ದುಡಿಯುತ್ತಿದೆ. ಇಂಗ್ಲೆಂಡಿನ ಮಾಜಿ ಆಟಗಾರ್ತಿ ಎಬೊನಿ ರೈನ್‌ಫರ್ಡ್-ಬ್ರೆಂಟ್ 2020ರಲ್ಲಿ ಕಪ್ಪು ಸಮುದಾಯದ ಮಕ್ಕಳಿಗಾಗಿ ಏಸ್ ಅನ್ನುವ ಕಾರ್ಯಕ್ರಮ ಕಟ್ಟಿದಳು. ದಾರಿ ಏನು ಅಂತ ಗೊತ್ತಿದೆ. ದುಡ್ಡು ಬೇಕು.

ಆ ದುಡ್ಡು ಈಗ ಬಂದಿದೆ. 2021ರಲ್ಲಿ ಶುರುವಾದ ಹಂಡ್ರೆಡ್ ಟೂರ್ನಿಯ ಎಂಟು ತಂಡಗಳ ಪಾಲನ್ನು 2025ರಲ್ಲಿ ಮಾರಿದರು. ಎಂಟಕ್ಕೂ ಸೇರಿ ಕಟ್ಟಿದ ಬೆಲೆ ಸುಮಾರು 97.5 ಕೋಟಿ ಪೌಂಡ್. ಎಂಟರಲ್ಲಿ ನಾಲ್ಕು ತಂಡಗಳ ಪಾಲು ಕೊಂಡವರು ನಮ್ಮ ಐಪಿಎಲ್ ಮಾಲೀಕರೇ. ನಮ್ಮ ಮನೆಗಳಿಗೆ ಉದಯ ಟಿವಿ ತಂದ ಸನ್ ಗುಂಪು ಲೀಡ್ಸ್ ತಂಡವನ್ನು ಇಡಿಯಾಗಿ ಕೊಂಡಿತು. ಓವಲ್ ತಂಡದಲ್ಲಿ ಅಂಬಾನಿ ಕುಟುಂಬಕ್ಕೆ 49% ಪಾಲು, ಮ್ಯಾಂಚೆಸ್ಟರ್‌ನಲ್ಲಿ ಲಖನೌ ತಂಡದ ಮಾಲೀಕರದ್ದು ದೊಡ್ಡ ಪಾಲು. ಹಾಗಾಗಿ ಇದು ದೂರದ ದೇಶದ ಸಮಾಚಾರ ಅಂತ ನಾವು ಸುಮ್ನೆ ಕೂರುವ ಹಾಗಿಲ್ಲ.

ಆ ಮಾರಾಟದಿಂದ ಬಂದ ಹಣದಲ್ಲಿ ಹತ್ತರಲ್ಲಿ ಒಂದು ಪಾಲು ಊರೂರಿನ ಹವ್ಯಾಸಿ ಕ್ರಿಕೆಟ್‌ಗೆ ಅಂತ ತೆಗೆದಿಟ್ಟಿದ್ದಾರೆ. ಉಳಿದದ್ದು 18 ಕೌಂಟಿಗಳಿಗೆ ಮತ್ತು ಲಾರ್ಡ್ಸ್ ಮೈದಾನದ ಒಡೆಯರಾದ ಎಂಸಿಸಿ ಕ್ಲಬ್ಬಿಗೆ. ಕೆಲವು ಕೌಂಟಿಗಳ ಪಾಲು ಹಳೇ ಸಾಲ ತೀರಿಸುವುದಕ್ಕೇ ಹೋಗುತ್ತದೆ. ಸಾಲ ತೀರಬೇಕಾದ್ದೇ. ಆದರೆ ಇಷ್ಟು ದೊಡ್ಡ ಮೊತ್ತ ಇಂಗ್ಲೆಂಡ್ ಕ್ರಿಕೆಟ್‌ಗೆ ಇನ್ನೊಂದು ಸಲ ಬರುವುದಿಲ್ಲ, ಮಾರಿದ್ದನ್ನು ಮತ್ತೆ ಮಾರಲು ಆಗುವುದಿಲ್ಲ. ಹತ್ತರಲ್ಲಿ ಒಂದು ಸಾಕಾ? ನನಗೆ ಸಾಕು ಅನ್ನಿಸುವುದಿಲ್ಲ. ಕೌಂಟಿಯ ಚಿಕ್ಕ ವಯಸ್ಸಿನ ತಂಡಗಳಿಗೆ ಆಡುವುದು ಪೂರ್ತಿ ಉಚಿತ ಆಗಬೇಕು ಅಂತ 2023ರ ವರದಿಯೇ ಹೇಳಿತ್ತು. ನನ್ನ ಕೈಲಿದ್ದರೆ ಮೊದಲ ಪೌಂಡ್ ಅಲ್ಲಿಗೇ ಹೋಗುತ್ತಿತ್ತು.

ಹಂಡ್ರೆಡ್‌ನಿಂದ ಒಳ್ಳೆಯದೂ ಆಗಿದೆ. ಹೆಣ್ಣುಮಕ್ಕಳ ಪಂದ್ಯ, ಗಂಡಸರ ಪಂದ್ಯ ಒಂದೇ ದಿನ, ಒಂದೇ ಟಿಕೆಟ್ಟಿನಲ್ಲಿ ನಡೆಯುತ್ತದೆ, ಮಕ್ಕಳನ್ನು ಕರೆದುಕೊಂಡು ಅಮ್ಮಂದಿರು ಬರುತ್ತಾರೆ, ಒಂದಿಷ್ಟು ಪಂದ್ಯ ಬಿಬಿಸಿಯಲ್ಲೂ ಬಂದಿವೆ. ಇದಕ್ಕೆ ತೆತ್ತ ಬೆಲೆ ಆಗಸ್ಟ್ ತಿಂಗಳು. ಒಣಗಿದ ಪಿಚ್ಚು, ಸ್ಪಿನ್ನರ್‌ಗೆ ಕೆಲಸ ಸಿಗುವ ಹೊತ್ತು, ರಜೆಯಲ್ಲಿರುವ ಮಕ್ಕಳು ಮೈದಾನಕ್ಕೆ ಬರುವ ಹೊತ್ತು ಅದು. ಆ ಹೊತ್ತಿನಲ್ಲೇ ನಾಲ್ಕು ದಿನದ ಕೌಂಟಿ ಪಂದ್ಯ ಬಹಳ ಕಡಿಮೆ. ಬಹುಪಾಲು ಪಂದ್ಯ ಏಪ್ರಿಲ್, ಮೇ, ಸೆಪ್ಟೆಂಬರ್‌ನ ತಣ್ಣನೆ ದಿನಗಳಿಗೆ ಹೋಗಿವೆ. 14 ಪಂದ್ಯಗಳನ್ನೂ ಕಡಿಮೆ ಮಾಡಬೇಕು ಅಂತ 2025ರಲ್ಲಿ ದೊಡ್ಡ ಒತ್ತಡ ಬಂತು, ಕೌಂಟಿಗಳು ಒಪ್ಪಲಿಲ್ಲ. ಅವರು ಒಪ್ಪದಿದ್ದದ್ದು ನನಗೆ ಸಮಾಧಾನ ತಂದಿತು. ನಮ್ಮ ಕರುಣ್ ನಾಯರ್‌ನನ್ನೇ ನೋಡಿ. ಕರ್ನಾಟಕ ತಂಡದಲ್ಲೂ ಜಾಗ ಹೋಗಿದ್ದ ಕಾಲದಲ್ಲಿ ನಾರ್ಥಾಂಪ್ಟನ್‌ಶೈರ್ ಅವನನ್ನು ಕರೆಯಿತು. 2024ರಲ್ಲಿ ಅವರ ಪರ ಗ್ಲಾಮಾರ್ಗನ್ ಎದುರು ದ್ವಿಶತಕ ಹೊಡೆದ. ಮುಂದಿನ ವರ್ಷ ಎಂಟು ವರ್ಷಗಳ ನಂತರ ಭಾರತ ತಂಡಕ್ಕೆ ಮರಳಿದ್ದೂ ಇಂಗ್ಲೆಂಡಿನ ನೆಲದಲ್ಲೇ. ನಮ್ಮ ಒಬ್ಬ ಹುಡುಗನನ್ನೂ ಆ ಹಳೇ ವ್ಯವಸ್ಥೆ ಕಾದು ಉಳಿಸಿಕೊಟ್ಟಿತು.

ಬರ್ನ್‌ಲಿಯಲ್ಲಿ ಫುಟ್‌ಬಾಲ್ ಸ್ಟೇಡಿಯಂ ಇದೆ, ಟರ್ಫ್ ಮೂರ್ ಅಂತ. ಅದರ ಒಂದು ಬದಿಯ ಸ್ಟ್ಯಾಂಡಿನ ಹೆಸರು ಕ್ರಿಕೆಟ್ ಫೀಲ್ಡ್ ಸ್ಟ್ಯಾಂಡ್. ಅದರ ಬೆನ್ನಿಗೇ ಕ್ರಿಕೆಟ್ ಕ್ಲಬ್ಬಿನ ಮೈದಾನ ಇರುವುದರಿಂದ ಆ ಹೆಸರು. ಆಂಡರ್ಸನ್ ಆಡಿ ಬೆಳೆದದ್ದು ಅಲ್ಲೇ. ಆ ಮೈದಾನ ಇನ್ನೂ ಇದೆ, ಲೀಗ್ ಇನ್ನೂ ನಡೆಯುತ್ತಿದೆ. ಈ ಬೇಸಿಗೆಯ ಶನಿವಾರ ಅಲ್ಲಿ ಯಾವನೋ ಹದಿನಾರರ ಹುಡುಗ ಸಾಧಾರಣ ವೇಗದಲ್ಲಿ ಬೌಲ್ ಮಾಡುತ್ತಿರಬಹುದು, ಅವನಿಗೆ ಚೆಂಡು ಕೊಡುತ್ತಲೇ ಇರುವ ಒಬ್ಬ ಕ್ಯಾಪ್ಟನ್ನೂ ಇರಬಹುದು.